ಇಪ್ಪತ್ತರ ಆಚೆಯ ದನಿ

ಸಮಯ ಬೆಳಗಿನ ಒಂಬತ್ತು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಮಠದ ಗ್ರಂಥಾಲಯದಲ್ಲಿ ಗುರುಗಳು, ಕಂಪ್ಯೂಟರ್ ನೋಡಿಕೊಳ್ಳುವ ಶಿಷ್ಯ ಶಾಂತವೀರ ಮತ್ತು ಇತರ ಶಿಷ್ಯರು ಇದ್ದರು.

ಶಾಂತವೀರ ಕೇಳಿದ: “ಗುರುಗಳೇ, ಓದುಗರೊಬ್ಬರು ಕೇಳಿದ ಪುಸ್ತಕವನ್ನು ಕಂಪ್ಯೂಟರ್ ತೋರಿಸಲಿಲ್ಲ. ಇಲ್ಲ ಎಂದು ನಾನು ಅವರನ್ನು ಹಿಂದಕ್ಕೆ ಕಳುಹಿಸಿದೆ. ಆಮೇಲೆ ನೋಡಿದರೆ ಪುಸ್ತಕ ಇಲ್ಲೇ ಇತ್ತು. ಇದರಲ್ಲಿ ನನ್ನ ತಪ್ಪೇನು?”

ನಿಂತೇ ಕೇಳು ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಅಧಿಕಾರಿಯ ವಶದಲ್ಲಿ ಜನಪದ ಹಾಡುಗಳ ಸಂಗ್ರಹವಿತ್ತು. ಹಾಡಿನ ಮಾತೂ ಹಾಡಿದವರ ದನಿಯೂ ಅದರಲ್ಲಿದ್ದವು. ಅವರ ಹೆಸರುಗಳನ್ನು ಯಾರೂ ಬರೆದಿರಲಿಲ್ಲ. ಮೊದಲು ಅದು ಸಾಮಾನ್ಯ ಡೇಟಾಬೇಸಿನಲ್ಲಿತ್ತು. ಅಧಿಕಾರಿ ಎಸ್‌ಕ್ಯೂಎಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೇಳುತ್ತಿದ್ದ, ಕೇಳಿದ್ದಕ್ಕೆ ಹೊಂದುವುದೆಲ್ಲವೂ ಬರುತ್ತಿತ್ತು. ಮುಂದೆ, ಕೇಳಿದ ಮಾತುಗಳಿಗೆ ಯಾವ ಹಾಡು ಎಷ್ಟು ಹೊಂದುತ್ತದೆ ಎಂದು ತೂಗಿ ಹುಡುಕುವ ಯಂತ್ರ ಬಂತು. ಅದನ್ನೂ ಅದೇ ಪರದೆಯಿಂದ, ಅದೇ ಭಾಷೆಯಲ್ಲಿ ಕೇಳಬಹುದಿತ್ತು. ಆದ್ದರಿಂದ ಅಧಿಕಾರಿ ಹೊಸದೇನನ್ನೂ ಕಲಿಯಲಿಲ್ಲ. ಈ ಯಂತ್ರವಾದರೋ ಹೆಚ್ಚು ಹೊಂದುವ ಇಪ್ಪತ್ತು ಹಾಡುಗಳನ್ನು ಕೊಟ್ಟು ನಿಲ್ಲುತ್ತಿತ್ತು. ಇನ್ನೂ ಬೇಕೆಂದರೆ ಮಾತ್ರ ಇನ್ನೂ ಕೊಡುತ್ತಿತ್ತು.

ಒಬ್ಬ ಮುದುಕಿ ಸೊಸೆಯರೊಂದಿಗೆ ಬಂದಳು. ತನ್ನ ತಾಯಿ ಬೀಸುವಾಗ ಹಾಡಿದ ಪದವನ್ನು ಹಿಂದೆ ಯಾರೋ ಧ್ವನಿಮುದ್ರಿಸಿಕೊಂಡಿದ್ದರು, ಅದನ್ನು ಕೇಳಿಸಬೇಕು ಎಂದಳು. ಸೊಸೆಯರು ಇದನ್ನು ನಂಬಿರಲಿಲ್ಲ. ಪದದಲ್ಲಿ ಬೀಸುಕಲ್ಲಿನ ಮಾತೂ ತವರಿನ ಮಾತೂ ಬರುತ್ತವೆ ಎಂದು ಮುದುಕಿ ಹೇಳಿದಳು. ಅಧಿಕಾರಿ ಆ ಮಾತುಗಳನ್ನು ಹೊಸ ಯಂತ್ರದಲ್ಲಿ ಹುಡುಕಿದ. ಇಪ್ಪತ್ತು ಹಾಡು ಬಂದವು. ಒಂದೊಂದನ್ನೂ ಕೇಳಿಸಿದ. ಒಂದೊಂದಕ್ಕೂ ಮುದುಕಿ ಅಲ್ಲವೆಂದು ತಲೆಯಾಡಿಸಿದಳು.

“ಇನ್ನೊಮ್ಮೆ ನೋಡು, ತಮ್ಮಾ. ಅಂದು ಕಲ್ಲಿಗೆ ಕಾಳು ಹಾಕುತ್ತ ಕೂತವಳು ನಾನೇ.”

“ಯಾರ ತಾಯಿ ಹಾಡಿಲ್ಲ, ಅಜ್ಜಿ? ನಿಮ್ಮ ತಾಯಿಯ ಪದ ಇಲ್ಲಿ ಇಲ್ಲ.”

ಸೊಸೆಯರು ಸೆರಗಿನ ಮರೆಯಲ್ಲಿ ನಕ್ಕರು. ಊರಿನಲ್ಲಿ ಮುದುಕಿಗೆ ಸುಳ್ಳಿ ಎಂಬ ಹೆಸರು ನಿಂತಿತು.

ಕೆಲ ಕಾಲದ ಮೇಲೆ ಅಲ್ಲಿನ ಬೇರೊಬ್ಬ ಕೆಲಸಗಾರ ಅದೇ ಮಾತುಗಳನ್ನು ಹುಡುಕಿದ. ನೂರು ಹಾಡು ಬೇಕೆಂದು ಸೇರಿಸಿದ. ಬಂದ ಹಾಡೊಂದರಲ್ಲಿ ಹೆಂಗಸೊಬ್ಬಳು ನಡುವೆ ನಿಲ್ಲಿಸಿ, ಕಾಳು ಹಾಕು ದ್ಯಾಮಿ ಎಂದು ಮಗಳನ್ನು ಗದರಿದ್ದಳು. ದ್ಯಾಮಿ ಎಂಬುದು ಮುದುಕಿಯ ಹೆಸರು.

ಅಧಿಕಾರಿ ಹಾಡನ್ನು ಹಿಡಿದು ಅವಳ ಮನೆಗೆ ಹೋದ. ಮುದುಕಿ ಕೊನೆಯವರೆಗೂ ಕೇಳಿದಳು. ಅಳಲಿಲ್ಲ. ಸೊಸೆಯರನ್ನು ಕರೆದು ಎದುರಿಗೆ ನಿಲ್ಲಿಸಿದಳು.

“ನನಗೆ ಗೊತ್ತಿತ್ತು, ತಮ್ಮಾ. ಇವರಿಗೆ ಹೇಳು.”

ಅಧಿಕಾರಿ ತಲೆ ಎತ್ತಲಿಲ್ಲ. ಅಂದು ಯಂತ್ರವೇ ‘ಇಲ್ಲ’ ಎಂದಿತ್ತು ಎಂದ.

ಗುರುಗಳು ಕತೆ ನಿಲ್ಲಿಸಿದರು. ಅಧಿಕಾರಿ ಹೇಳಿದ್ದು ನಿಜವೇ ಎಂದು ಶಾಂತವೀರನನ್ನು ಕೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು:

“ಯಂತ್ರ ಇಪ್ಪತ್ತು ಕೊಟ್ಟಿತು, ‘ಇಲ್ಲ’ ಎಂದವನು ಅವನು.”