ದಿನ ತುಂಬದ ಹೂಜಿ

"ಎಲ್ಲರೂ ಮುರಿದ ಮೇಲೂ ನಿಯಮ ನಿಯಮವಾಗಿಯೇ ಉಳಿಯುತ್ತದೆಯೇ, ಗುರುಗಳೇ?"

ಕೇಳಿದವನು ತಿಪ್ಪೇಶ. ಕಾಲೇಜಿನಲ್ಲಿ ಪಾಠ ಹೇಳುವವನು, ವರ್ಷಕ್ಕೊಮ್ಮೆ ಉತ್ತರ ಪತ್ರಿಕೆ ತಿದ್ದಲು ಹೋಗುವವನು. ಪತ್ರಿಕೆಯನ್ನು ಪೂರ್ತಿ ಓದಬೇಕೆಂಬುದು ನಿಯಮ, ಆದರೆ ಅಲ್ಲಿ ಯಾರೂ ಓದುತ್ತಿರಲಿಲ್ಲ. ಪುಟ ತಿರುವುತ್ತಿದ್ದರು, ಕೈಬರಹ ನೋಡುತ್ತಿದ್ದರು, ಅಂಕ ಹಾಕುತ್ತಿದ್ದರು. ಇವನು ಓದುತ್ತ ಕೂತರೆ ಇವನ ಕಟ್ಟು ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಎಲ್ಲರದ್ದೂ ಮುಗಿಯದೆ ಯಾರೂ ಏಳುವಂತಿರಲಿಲ್ಲ, ಇವನಿಂದಾಗಿ ಮಿಕ್ಕವರಿಗೆ ಬಸ್ಸು ತಪ್ಪುತ್ತಿತ್ತು. ನಾಳೆಯಿಂದ ಎಲ್ಲರ ಹಾಗೆ ತಿದ್ದಿ, ಆಗದಿದ್ದರೆ ಬರಬೇಡಿ ಎಂದು ಮೇಲಿನವರು ಹೇಳಿ ಕಳಿಸಿದ್ದರು.

ಗುರುಗಳು ಈ ಕತೆ ಹೇಳಿದರು.

ಮುಚ್ಚಿದ ಹೂಜಿಯನ್ನು ಯಾರೂ ಕೈಯಿಂದ ತೆರೆಯಬಾರದು. ಒಂದು ಊರಿನ ನಾಲ್ಕಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲ ತಿರುವಿನಲ್ಲಿಟ್ಟ ಕಬ್ಬಿಣದ ರ‍್ಯಾಕಿನ ಮೇಲೆ ಈ ಮಾತು ಬಿಳಿ ಬಣ್ಣದಲ್ಲಿ ಬರೆದಿತ್ತು. ಆ ರ‍್ಯಾಕಿನಲ್ಲಿ ಕುಂಡ ಇಟ್ಟವರೆಲ್ಲ ಅದನ್ನು ಮುರಿದಿದ್ದರು.

ಇದು ನೀರಿಡುವ ಹೂಜಿಯಲ್ಲ, ಹೂಜಿ ಗಿಡದ್ದು. ಸೆಕೆಯೂ ಮಳೆಯೂ ಕೂಡಿದ ಕಾಡಿನ ಗಿಡ ಅದು. ಅದರ ಎಲೆಯ ತುದಿಯಿಂದ ಒಂದು ಎಳೆ ಕೆಳಗಿಳಿಯುತ್ತದೆ. ಎಳೆಯ ತುದಿ ಊದಿಕೊಂಡು ಹೂಜಿಯಾಗುತ್ತದೆ. ಹೂಜಿಗೊಂದು ಮುಚ್ಚಳ, ಒಳಗೆ ಗಿಡ ತಾನೇ ಮಾಡಿಕೊಂಡ ರಸ. ಹೊತ್ತು ಬಂದಾಗ ಮುಚ್ಚಳ ತಾನಾಗಿ ಏಳುತ್ತದೆ, ಬಾಯಿಯ ಅಂಚು ಹೊರಕ್ಕೆ ಸುರುಳಿ ಸುತ್ತಿ ಬಣ್ಣ ಕಟ್ಟುತ್ತದೆ. ಆಮೇಲೆ ಇರುವೆಯೋ ನೊಣವೋ ಜಾರಿ ಬಿದ್ದರೆ ಗಿಡಕ್ಕೆ ಅದೇ ಊಟ. ಹೊತ್ತಿಗೆ ಮುಂಚೆ ಉಗುರು ಹಾಕಿ ಎಬ್ಬಿಸಿದರೂ ಮುಚ್ಚಳವೇನೋ ಏಳುತ್ತದೆ. ಆದರೆ ಅಂಚು ಸುರುಳಿ ಸುತ್ತುವುದಿಲ್ಲ. ಸ್ವಲ್ಪ ದಿನಕ್ಕೆ ಹೂಜಿ ಕಂದಿ ಒಣಗಿ ಹೋಗುತ್ತದೆ.

ಗಿಡವನ್ನು ಆ ಕಟ್ಟಡಕ್ಕೆ ತಂದವನು ಒಬ್ಬ ತೋಟಗಾರ. ಕಾಂಡ ಕತ್ತರಿಸಿ ಬೇರು ಬರಿಸಿ ಮನೆಮನೆಗೆ ಒಂದೊಂದು ಕೊಟ್ಟ. ಮಣ್ಣು ಹಾಕಬೇಡಿ, ತೆಂಗಿನ ನಾರು ಹಾಕಿ ಎಂದ. ಗೊಬ್ಬರ ಬೇಡ ಎಂದ. ಕೊಳವೆ ಬಾವಿಯ ನೀರು ಬೇಡ, ಅದರ ಉಪ್ಪಿಗೆ ಎಲೆಯ ತುದಿ ಸುಡುತ್ತದೆ, ಮಳೆನೀರು ಹಿಡಿದಿಟ್ಟು ಹಾಕಿ ಎಂದ. ಕಿಟಕಿ ಕಟ್ಟೆ ಚೆನ್ನಾಗಿದ್ದವರು ಮನೆಯಲ್ಲೇ ಬೆಳೆಸಿದರು. ಮಿಕ್ಕವರಿಗೆಂದು ಮೆಟ್ಟಿಲ ತಿರುವಿನ ದೊಡ್ಡ ಕಿಟಕಿಗೆ ಒತ್ತಿ ರ‍್ಯಾಕು ನಿಲ್ಲಿಸಿದ. ಪೂರ್ವದ ಬೆಳಕು ಅಲ್ಲಿಗೆ ಯಾವ ಕಾಲದಲ್ಲೂ ತಪ್ಪುತ್ತಿರಲಿಲ್ಲ. ನಿಯಮ ಬರೆದವನೂ ಅವನೇ. ಬರೆದ ಕೆಲವು ವರ್ಷಕ್ಕೆ ತೀರಿಕೊಂಡ.

ರ‍್ಯಾಕಿನಲ್ಲಿ ಜಾಗ ಕಡಿಮೆ, ಕೇಳುವವರು ಜಾಸ್ತಿ. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡರು. ವರ್ಷಕ್ಕೊಂದು ಸಲ, ಮಳೆಗಾಲ ಹಿಡಿಯುವ ಮುಂಚೆ, ಹೊರಗಿನಿಂದ ಒಬ್ಬ ನರ್ಸರಿಯವನು ಬಂದು ಗಿಡಗಳನ್ನು ನೋಡುವುದು. ತೆರೆದ ಹೂಜಿ ಇರುವ ಗಿಡಕ್ಕೆ ರ‍್ಯಾಕಿನಲ್ಲಿ ಜಾಗ. ಇಲ್ಲದ್ದು ಮನೆಗೆ ವಾಪಸ್ಸು.

ಮೊದಲು ಮುರಿದವನು ಒಬ್ಬ ಕಾಫಿಪುಡಿ ವ್ಯಾಪಾರಿ. ಅವನ ಹೂಜಿ ಸಂಜೆಗೆ ತೆರೆಯುವ ಹಾಗಿತ್ತು, ನರ್ಸರಿಯವನು ಬೆಳಿಗ್ಗೆಯೇ ಬರುವವನಿದ್ದ. ಅರ್ಧ ದಿನದಲ್ಲಿ ಏನಾಗುತ್ತದೆ ಎಂದು ಉಗುರು ಹಾಕಿದ. ಜಾಗ ಸಿಕ್ಕಿತು. ಮರುವರ್ಷ ಒಬ್ಬ ವಕೀಲ, ಇನ್ನೂ ನಾಲ್ಕು ದಿನ ಬೇಕಿದ್ದ ಹೂಜಿಯನ್ನು ಎಬ್ಬಿಸಿದ. ಅದರ ಮುಂದಿನ ವರ್ಷ ಎಬ್ಬಿಸದವರೇ ಉಳಿಯಲಿಲ್ಲ. ಯಾರ ಬಾಯಲ್ಲೂ ತೆರೆಯುವುದು ಎಂಬ ಮಾತು ಬರುತ್ತಿರಲಿಲ್ಲ. ಸಹಾಯ ಮಾಡುವುದು ಎನ್ನುತ್ತಿದ್ದರು. ನಿಮ್ಮದಕ್ಕೆ ಸಹಾಯ ಆಯಿತಾ ಎಂದು ಮೆಟ್ಟಿಲಲ್ಲಿ ಎದುರಾದಾಗ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಅಂಚು ನೋಡಿದ ಕೂಡಲೇ ನರ್ಸರಿಯವನಿಗೂ ತಿಳಿಯುತ್ತಿತ್ತು. ಆದರೆ ಅವನಿಗೆ ಶಾಲು ಹೊದಿಸುತ್ತಿದ್ದರು, ಬಿಸಿ ಉಪ್ಪಿಟ್ಟು ಕೊಡುತ್ತಿದ್ದರು, ಮುಂದಿನ ವರ್ಷವೂ ನೀವೇ ಬರಬೇಕು ಎನ್ನುತ್ತಿದ್ದರು. ಅವನು ಅಂಚು ನೋಡುವುದನ್ನು ಬಿಟ್ಟ. ಅವನು ಬಂದು ಹೋದ ಮೇಲೆ ರ‍್ಯಾಕಿನ ಹೂಜಿಗಳು ಒಂದೊಂದಾಗಿ ಕಂದುತ್ತಿದ್ದವು. ಈ ವರ್ಷ ಸೆಕೆ ಜಾಸ್ತಿ ಎಂದುಕೊಂಡು ಕತ್ತರಿಯಿಂದ ಕತ್ತರಿಸಿ ಎಸೆಯುತ್ತಿದ್ದರು.

ಆ ಕಟ್ಟಡದ ನೆಲ ಅಂತಸ್ತಿನಲ್ಲಿ ಒಬ್ಬ ದಾದಿ ಇದ್ದಳು. ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು. ಈ ಸಹಾಯದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ರ‍್ಯಾಕಿನ ಜಾಗ ಅವಳಿಗೆ ಯಾವತ್ತೂ ಬೇಕಾಗಿರಲಿಲ್ಲ. ಅವಳ ಅಡುಗೆಮನೆಯ ಕಿಟಕಿ ಕಟ್ಟೆಯಲ್ಲಿ ಗಿಡ ತುಂಬಿ ಬೆಳೆದಿತ್ತು. ಸಾರು ಕುದಿಯುವ ಹಬೆ ಅದಕ್ಕೆ ಹಿತವಾಗಿತ್ತು.

ಪಕ್ಕದ ಖಾಲಿ ನಿವೇಶನದಲ್ಲಿ ಮನೆ ಎದ್ದಿತು. ಕಿಟಕಿಯ ಮುಂದೆ ಗೋಡೆ ಬಂತು. ಗಿಡ ಎಲೆ ಬಿಟ್ಟಿತು, ಹೂಜಿ ಬಿಡಲಿಲ್ಲ. ಎಲೆಯೂ ವರ್ಷ ತುಂಬುವುದರೊಳಗೆ ಬಿಳಿಚಿಕೊಂಡಿತು. ಟ್ಯೂಬ್‌ಲೈಟಿನ ಕೆಳಗೆ ಇಟ್ಟು ನೋಡಿದಳು, ಪ್ರಯೋಜನವಾಗಲಿಲ್ಲ. ಬೇಸಿಗೆಯಲ್ಲಿ ಗೇಟಿನ ಪಕ್ಕ ಬೆಳಿಗ್ಗೆ ಒಂದು ಪಟ್ಟಿ ಬೆಳಕು ಬೀಳುತ್ತಿತ್ತು. ದಿನಾ ಕುಂಡ ಎತ್ತಿಕೊಂಡು ಹೋಗಿ ಆ ಬೆಳಕಿನಲ್ಲಿಟ್ಟು, ಬೆಳಕು ಸರಿದ ಹಾಗೆ ಕುಂಡವನ್ನೂ ಸರಿಸುತ್ತಿದ್ದಳು. ಕೊನೆಗೆ ಒಂದು ಹೂಜಿ ಊದಿತು. ಆದರೆ ಮೋಡ ಕಟ್ಟಿದರೆ ಗೇಟಿನ ಬೆಳಕೂ ಇಲ್ಲ. ಇನ್ನೊಂದು ಮಳೆಗಾಲವನ್ನು ಆ ಗಿಡ ಕತ್ತಲಲ್ಲಿ ಕಳೆಯಲಾರದು ಎಂಬುದು ಅವಳಿಗೆ ತಿಳಿದಿತ್ತು.

ರ‍್ಯಾಕಿನ ಉಸ್ತುವಾರಿ ವ್ಯಾಪಾರಿಯದು. ಅವನ ಬಳಿ ಹೋಗಿ ಒಂದು ಮೂಲೆ ಕೊಡಿ ಎಂದು ಕೇಳಿದಳು.

"ಪದ್ಧತಿ ಅಂದ್ರೆ ಪದ್ಧತಿ ಸಿಸ್ಟರ್," ಎಂದ ಅವನು. "ತೆರೆದ ಹೂಜಿ ತನ್ನಿ, ಜಾಗ ತಗೊಳ್ಳಿ. ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ."

ಅವನ ಮಾತು ಸರಿ ಎಂದು ಅವಳಿಗೂ ಅನ್ನಿಸಿತು. ಸುಮ್ಮನೆ ಬಂದಳು.

ನರ್ಸರಿಯವನು ಬರುವುದಕ್ಕೆ ಹಿಂದಿನ ಸಂಜೆ ವ್ಯಾಪಾರಿ ಅವಳ ಬಾಗಿಲಿಗೆ ಬಂದ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಕುರ್ಚಿಯ ಮೇಲಿದ್ದ ಕುಂಡವನ್ನು ಬಗ್ಗಿ ನೋಡಿದ.

"ಏನು ಸಿಸ್ಟರ್, ಇನ್ನೂ ಮುಚ್ಚಿಕೊಂಡೇ ಇದೆಯಲ್ಲ."

"ದಿನ ತುಂಬಿಲ್ಲ ಶೆಟ್ರೇ."

"ನಾಳೆ ನೋಡೋಕೆ ಬರ್ತಾರೆ. ಸಹಾಯ ಮಾಡಲ್ವಾ?"

"ಸಹಾಯ ಅಂದ್ರೆ?"

ಅವನು ಹೆಬ್ಬೆರಳಿನ ಉಗುರು ತೋರಿಸಿದ. ಅವಳಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು.

"ಮಾಡಬಾರದು ಅಂತ ರ‍್ಯಾಕಿನ ಮೇಲೆ ಬರೆದಿದೆಯಲ್ಲ."

"ಬರೆದೋರು ಪುಣ್ಯಾತ್ಮರು, ಹೋದರು. ಜಾಗಕ್ಕೆ ಒದ್ದಾಡೋರು ನಾವು. ನಾನು ಮಾಡಿದೀನಿ, ಮೂರನೇ ಮಹಡಿ ಟೀಚರಮ್ಮ ಚಿಮಟದಲ್ಲಿ ಮಾಡ್ತಾರೆ, ಏನು ನಾಜೂಕು ಅಂತೀರಿ. ಲಾಯರನ್ನ ಕೇಳಿದರೆ, ಕೈಯಿಂದ ತೆರೆಯಬಾರದು ಅಂತ ತಾನೇ ಇರೋದು, ನಾನು ಹಲ್ಲುಕಡ್ಡೀಲಿ ತೆರೆದೆ ಅಂತಾನೆ." ಅವನು ನಕ್ಕ. "ಜೀವಮಾನವೆಲ್ಲ ಹೆರಿಗೆ ಮಾಡಿಸಿದೋರು ನೀವು. ಇದೊಂದು ಮಾಡಿಸಿಬಿಡಿ."

ದಾದಿಗೂ ನಗು ಬಂತು. "ದಿನ ತುಂಬದ್ದನ್ನ ಎಳೆದರೆ ಅದಕ್ಕೆ ಹೆರಿಗೆ ಅನ್ನಲ್ಲ."

"ಆಯ್ತು. ಎಳೆಯದಿದ್ದರೆ ಗಿಡ ಸಾಯುತ್ತೆ. ನೀವೇ ಯೋಚನೆ ಮಾಡಿ." ಅವನು ಬೈಯಲಿಲ್ಲ, ಹೆದರಿಸಲೂ ಇಲ್ಲ. ಇದ್ದದ್ದನ್ನು ಹೇಳಿ ಮೆಟ್ಟಿಲು ಹತ್ತಿದ.

ಬೆಳಗಾಯಿತು. ದಾದಿ ಕುಂಡವನ್ನು ಗೇಟಿನ ಹತ್ತಿರ ಒಯ್ಯಲಿಲ್ಲ. ಎದುರಿಗೆ ಇಟ್ಟುಕೊಂಡು ಕೂತಳು. ಹೂಜಿ ಅವಳ ಕಿರುಬೆರಳಿನಷ್ಟು ಉದ್ದ ಇತ್ತು. ಅವಳು ಲೆಕ್ಕ ಹಾಕಿದಳು. ಒಂದು ಹೂಜಿ ಹಾಳಾದರೆ ಹಾಳಾಗಲಿ, ಗಿಡ ಬದುಕುತ್ತದೆ. ಬೆಳಕಿದ್ದರೆ ಇನ್ನು ಹತ್ತು ಹೂಜಿ ಬರುತ್ತವೆ. ಈ ಲೆಕ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಹೆಬ್ಬೆರಳಿನ ಉಗುರನ್ನು ಮುಚ್ಚಳದ ಸಂದಿಗೆ ತಂದಳು.

ಬೆರಳಿಗೆ ಬಿಗಿ ತಾಗಿತು. ಒಳಗಿನಿಂದ ಹಿಡಿದುಕೊಂಡ ಬಿಗಿ. ಅವಳ ಕೈಗೆ ಅದು ಹೊಸತಲ್ಲ. ಡಾಕ್ಟರಿಗೆ ಊಟದ ಹೊತ್ತಾಗಿದೆ, ಮನೆಯವರಿಗೆ ಒಳ್ಳೆಯ ನಕ್ಷತ್ರ ಬೇಕಾಗಿದೆ, ಮುಂದಿನವಳಿಗೆ ಮಂಚ ಬೇಕಾಗಿದೆ ಎಂದು ಎಷ್ಟೋ ಜನ ಎಷ್ಟೋ ಸಲ ಅವಳ ಬೆನ್ನ ಹಿಂದೆ ನಿಂತು ಅವಸರ ಮಾಡಿದ್ದರು. ಆಗಲೂ ಕಾರಣಗಳು ಚೆನ್ನಾಗಿಯೇ ಇರುತ್ತಿದ್ದವು. ಅವಳು ಕೈ ತೆಗೆದಳು. ಸೀರೆ ಸರಿಮಾಡಿಕೊಂಡು ಕುಂಡ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ತಿರುವಿನಲ್ಲಿ ಎಲ್ಲರೂ ಸೇರಿದ್ದರು. ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ತೆರೆದ ಹೂಜಿಗಳು, ಒಂದರದ್ದೂ ಅಂಚು ಸುರುಳಿ ಸುತ್ತಿರಲಿಲ್ಲ. ದಾದಿ ತನ್ನ ಕುಂಡವನ್ನು ಸಾಲಿನ ಕೊನೆಗೆ ಇಟ್ಟಳು. ಟೀಚರಮ್ಮ ಅದನ್ನು ನೋಡಿ ಮುಖ ತಿರುಗಿಸಿದಳು. ವಕೀಲ ತನ್ನ ಹೂಜಿಯ ಬಾಯಿ ಗೋಡೆಯ ಕಡೆ ಬರುವ ಹಾಗೆ ಕುಂಡವನ್ನು ಒಂದಿಷ್ಟು ತಿರುಗಿಸಿದ.

ನರ್ಸರಿಯವನು ಶಾಲು ಹೊದ್ದುಕೊಂಡು ಒಂದೊಂದೇ ಕುಂಡ ನೋಡುತ್ತ, ಇದೆ, ಇದೆ ಎನ್ನುತ್ತ ಬಂದ. ದಾದಿಯ ಕುಂಡದ ಮುಂದೆ ನಿಂತ. ಉಳಿದವುಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತ.

"ಇದು ಮುಚ್ಚಿದೆಯಲ್ಲಮ್ಮ," ಎಂದ ಮೆಲ್ಲಗೆ.

"ಹೌದು."

ಎಲ್ಲರಿಗೂ ಅಲ್ಲಿ ನಿಲ್ಲುವುದು ಕಷ್ಟವಾಯಿತು. ವ್ಯಾಪಾರಿ ಮುಂದೆ ಬಂದ. "ಇವತ್ತಲ್ಲ ನಾಳೆ ತೆರೆಯೋದೇ ಸ್ವಾಮಿ. ಇದೆ ಅಂದುಬಿಡಿ. ನಮ್ಮದು ಯಾರದ್ದೂ ತಕರಾರಿಲ್ಲ."

"ತಕರಾರಿಲ್ಲ," ಎಂದ ವಕೀಲ.

"ಪಾಪ, ಅವರಿಗೂ ಜಾಗ ಬೇಕಲ್ಲ," ಎಂದಳು ಟೀಚರಮ್ಮ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಂದು ಮೂಲೆ ಕೇಳಿದಾಗ ಇಲ್ಲದ ಉದಾರತನ ಈಗ ಎಲ್ಲಿಂದ ಬಂತು ಎಂದು ದಾದಿ ಯೋಚಿಸಿದಳು. ಅವರ ಕಣ್ಣು ನೋಡಿದಾಗ ತಿಳಿಯಿತು. ಅವರಿಗೆ ಅವಳ ಗಿಡ ಉಳಿಯುವುದು ಬೇಕಾಗಿರಲಿಲ್ಲ. ಮುಚ್ಚಿದ ಆ ಒಂದು ಹೂಜಿ ಸಾಲಿನಲ್ಲಿ ಹಾಗೆಯೇ ನಿಲ್ಲುವುದು ಬೇಡವಾಗಿತ್ತು. ಅದನ್ನೂ ತೆರೆದದ್ದು ಎಂದುಬಿಟ್ಟರೆ ಅವಳೂ ತಮ್ಮವಳಾಗುತ್ತಾಳೆ, ಎಲ್ಲರೂ ಉಪ್ಪಿಟ್ಟು ತಿನ್ನಬಹುದು.

ಮೇಲಿನ ಹಲಗೆಯ ಮೇಲೆ ಬೆಳಕು ಬಿದ್ದಿತ್ತು. ಅಲ್ಲಿ ಒಂದು ಕುಂಡಕ್ಕೆ ಆಗುವಷ್ಟು ಜಾಗ ವ್ಯಾಪಾರಿ ಆಗಲೇ ಬಿಡಿಸಿದ್ದ. ದಾದಿ ಅದನ್ನು ನೋಡಿದಳು. ಚೆನ್ನಾಗಿ ನೋಡಿದಳು.

ನರ್ಸರಿಯವನು ಅವಳ ಮುಖ ನೋಡಿ ಕೇಳಿದ, "ಏನಮ್ಮ, ಇದೆ ಅನ್ನಲಾ?"

"ಇಲ್ಲ ಅನ್ನಿ," ಎಂದಳು ದಾದಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ತಿಪ್ಪೇಶ ಕಾದ.

"ಆ ಹೂಜಿ ಆಮೇಲೆ ತೆರೆಯಿತೇ?" ಎಂದು ಕೇಳಿದ.

"ತೆರೆದಿರಬಹುದು. ನೀನು ಕೇಳಿದ್ದು ಹೂಜಿಯ ವಿಷಯವಲ್ಲ."

ತಿಪ್ಪೇಶ ತಲೆ ತಗ್ಗಿಸಿ ಯೋಚಿಸಿದ. "ಜಾಗ ಮುರಿದವರಿಗೇ ಸಿಕ್ಕಿತು. ನರ್ಸರಿಯವನು ಮುಂದಿನ ವರ್ಷವೂ ಬಂದಿರುತ್ತಾನೆ. ರ‍್ಯಾಕಿನ ಮೇಲೆ ಉಳಿದದ್ದು ಬಿಳಿ ಬಣ್ಣ ಮಾತ್ರ, ನಿಯಮ ಉಳಿಯಲಿಲ್ಲ."

"ಅಲ್ಲಿ ಉಳಿಯಲಿಲ್ಲ, ನಿಜ," ಎಂದರು ಗುರುಗಳು. "ನಿಯಮವನ್ನು ದಾದಿ ಕುಂಡದ ಜೊತೆ ಎತ್ತಿಕೊಂಡು ಕೆಳಗಿಳಿದಳು."