ಪಾಳು ಬಿದ್ದದ್ದು ಯಾವಾಗ

ಹೊಳೆದಂಡೆಯ ಹಳೇ ಮಂಟಪದಲ್ಲಿ ನಿರ್ವಾಣಯ್ಯ ಅಂತ ಒಬ್ಬ ಅಜ್ಜಯ್ಯ ಇದ್ದರು. ಹಿಂದೆ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಹೆಂಡತಿ ಓಡಿಹೋದಳು, ಅದಕ್ಕೇ ಬಾಗಿಲು ಹಾಕಿದರು ಅಂತ ಕೆಲವರು. ಇಲ್ಲ, ಇವರೇ ಯಾರದೋ ಹೆಂಡತಿಯ ಮೇಲೆ ಕಣ್ಣು ಹಾಕಿ ಒದೆ ತಿಂದರು ಅಂತ ಇನ್ನು ಕೆಲವರು. ಅದಿರಲಿ.

ಅವರಿಗೊಬ್ಬ ಶಿಷ್ಯ, ಶಂಭುಲಿಂಗ. ನಲವತ್ತರ ಹತ್ತಿರದವನು. ಜನ ಬಿಟ್ಟುಹೋದ ಕೋಟೆ, ಛತ್ರ, ಗಿರಣಿ, ಸೇತುವೆ ಹುಡುಕಿಕೊಂಡು ಅಲೆಯುವುದು, ಫೋಟೋ ತಂದು ಗುರುವಿನ ಮುಂದಿಡುವುದು. ಮೂರು ವರ್ಷದಿಂದ ಇದೇ ಕೆಲಸ.

ಗುರುವಿನದೊಂದು ಪದ್ಧತಿ. ಫೋಟೋ ಒಪ್ಪಿದರೆ ಅದರ ಬೆನ್ನಿಗೆ ಎರಡು ಸಾಲು ಬರೆಯುವರು. ಕಟ್ಟಿದ್ದು ಯಾವಾಗ, ಪಾಳು ಬಿದ್ದದ್ದು ಯಾವಾಗ. ಬರೆದಾದ ಮೇಲೆ ಅದು ತಗಡಿನ ಟ್ರಂಕಿಗೆ.

ಶಂಭುಲಿಂಗನ ಒಂದು ಫೋಟೋವೂ ಆ ಟ್ರಂಕಿನ ಒಳಗು ಕಂಡಿರಲಿಲ್ಲ. "ಇನ್ನೊಂದ್ಸಲ ಹೋಗಿ ಬಾ." ಅಷ್ಟೇ.

ಮಂಡಿ ಸವೆದಿತ್ತು. ಆಸೆಯೂ ಸವೆದಿತ್ತು. ಇದೂ ಆಗದಿದ್ದರೆ ಕ್ಯಾಮೆರಾ ಹೊಳೆಗೆ ಅಂತ ನಿರ್ಧರಿಸಿಕೊಂಡೇ ಆವತ್ತು ಬಂದು ಫೋಟೋ ಇಟ್ಟ.

ಹಳೇ ಕಲ್ಲು ಸೇತುವೆ. ಉದ್ದಕ್ಕೂ ಖಾಲಿ. ಮೇಲೆ ಸಂಜೆಯ ಹಳದಿ ಬಿಸಿಲು.

"ಯಾರೂ ಇಲ್ಲವಲ್ಲೋ," ಅಂದರು ಗುರು.

"ಯಾರಿರ್ತಾರೆ ಅಜ್ಜಯ್ಯ? ಹೊಸ ಸೇತುವೆ ಆಗಿ, ಇಲ್ಲಿ ಬಸ್ಸು ನಿಂತು ನಲವತ್ತು ವರ್ಷ ಆಯ್ತು."

"ಒಬ್ಬರೂ?"

ಶಂಭುಲಿಂಗ ನಕ್ಕ. ದಣಿದ ಬಾಯಿಗೂ ಇಂಥ ಸುದ್ದಿ ಅಂದರೆ ಬೆಲ್ಲ.

"ಇಬ್ಬರಿದ್ರು. ಮಂಡಕ್ಕಿ ಅಂಗಡಿ ಚೆನ್ನವೀರಮ್ಮ, ರಿಟೈರಾದ ಪೋಸ್ಟ್‌ಮನ್ ಸಿದ್ರಾಮಣ್ಣ. ಆಯಮ್ಮನಿಗೆ ಗಂಡ ಇಲ್ಲ, ಆಯಪ್ಪನಿಗೆ ಹೆಂಡತಿ ಇಲ್ಲ. ದಿನಾ ಸಂಜೆ ಐದಕ್ಕೆ ಆಕೆ ಈ ದಡದಿಂದ, ಆತ ಆ ದಡದಿಂದ ಬಂದು ನಟ್ಟನಡುವೆ ಕೂರೋದು. ಅರವತ್ತು ದಾಟಿದೆ ಅಜ್ಜಯ್ಯ, ಇಬ್ಬರಿಗೂ!"

"ಕೂತು?"

"ಮಂಡಕ್ಕಿ ತಿನ್ನೋದು. ನಡುವೆ ಒಂದು ಮೊಳ ಜಾಗ ಬಿಟ್ಟು. ಊರಿಗೆ ಊರೇ ಆಡಿಕೊಳ್ಳೋದು ಆ ಒಂದು ಮೊಳದ ಬಗ್ಗೆನೇ."

"ಫೋಟೋದಲ್ಲಿ ಇಲ್ಲ."

"ಎಬ್ಬಿಸಿದೆ. ಸಂಜೆ ಬಿಸಿಲಲ್ಲಿ ಸೇತುವೆ ಖಾಲಿ ಸಿಗಲಿ ಅಂತ ಒಂದು ವಾರ ಕಾದೆ ಅಜ್ಜಯ್ಯ, ಒಂದು ದಿನ ತಪ್ಪಿಸಲಿಲ್ಲ ಪುಣ್ಯಾತ್ಮರು. ನಿಂತೂ ನಿಂತೂ ಕಾಲು ಸೋತಿತ್ತು. ಬುಧವಾರ ಎದುರಿಗೇ ಹೋಗಿ ಅಂದುಬಿಟ್ಟೆ. ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಮಗೆ? ಫೋಟೋದಲ್ಲಿ ಬಿದ್ದರೆ ಮೊಮ್ಮಕ್ಕಳು ತಲೆ ಎತ್ತಿಕೊಂಡು ತಿರುಗೋದು ಬೇಡ್ವಾ ಅಂತ."

"ಏನಂದ್ರು?"

"ಆಯಮ್ಮ ಮಡಿಲ ಮಂಡಕ್ಕಿ ಕೊಡವಿಕೊಂಡು ಎದ್ದಳು. ಆಯಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡ. ಆಕೆ ಈ ದಡಕ್ಕೆ, ಆತ ಆ ದಡಕ್ಕೆ."

"ಆಮೇಲೆ?"

"ಅವತ್ತು ಬೆಳಕು ಹೋಗಿತ್ತು. ಮತ್ತೆ ನಾಲ್ಕು ದಿನ ಹೋದೆ. ಅವರು ಬರಲೇ ಇಲ್ಲ. ಮೊನ್ನೆ ಸಿಕ್ಕಿತು ನೋಡಿ, ಈ ಬಿಸಿಲು."

ಗುರು ಫೋಟೋ ಹತ್ತಿರಕ್ಕೆ ಎಳೆದುಕೊಂಡರು. ಕೈ ಚಾಚಿದರು.

"ಪೆನ್ನು ಕೊಡು."

ಶಂಭುಲಿಂಗ ಜೇಬು ತಡಕಿ ಪೆನ್ನು ಕೊಟ್ಟ. ಮೂರು ವರ್ಷದಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು.

ಗುರು ಫೋಟೋ ತಿರುಗಿಸಿ ಎರಡು ಸಾಲು ಬರೆದು ಕೈಗೆ ಕೊಟ್ಟರು. ಅವನು ಓದಿದ.

ಕಟ್ಟಿದ್ದು: ಮುತ್ತಜ್ಜಂದಿರ ಕಾಲದಲ್ಲಿ.

ಪಾಳು ಬಿದ್ದದ್ದು: ಕಳೆದ ಬುಧವಾರ.

"ಅಜ್ಜಯ್ಯ, ಇದು ತಪ್ಪಾಗಿದೆ. ಬಸ್ಸು ನಿಂತು ನಲವತ್ತು ವರ್ಷ..."

ಗುರು ಟ್ರಂಕಿನ ಮುಚ್ಚಳ ಎತ್ತಿ ಹಿಡಿದರು.

"ಬಸ್ಸಿಂದು ಬಿಡೋ. ಅವರು ಎದ್ದುಹೋದದ್ದು ಬುಧವಾರ ಅಂತ ನೀನೇ ಅಂದೆಯಲ್ಲ. ಹಾಕು ಒಳಗೆ."