ಜೇಡಿಗಲ್ಲಿನ ಹೊಟ್ಟೆಯೊಳಗೆ ಎಣ್ಣೆ ಬಂದದ್ದು

“ಬರೇ ಬಡದು ನೋಡಬ್ಯಾಡ್ರಿ. ಕಡದು ನೋಡ್ರಿ.”

ಕಾಶವ್ವ ಗಂಡನಿಗೆ ಹೇಳಿದ ಕಡೆಯ ಮಾತು ಇದು. ಹೇಳಿ, ಬಾಯೊಳಗಿನ ಕಲ್ಲಿನ ಚೂರನ್ನು ಉಗುಳಿ ಅವನ ಅಂಗೈಯಲ್ಲಿಟ್ಟಳು. ಆಮೇಲೆ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಆಗ ಭೂಮಿ ಇನ್ನೂ ಹಸಿಯಾಗಿತ್ತು. ಎಲ್ಲಿ ಕೂಡಬೇಕು ಅಂತ ಗೊತ್ತಾಗದೆ ಗುಡ್ಡಗಳು ಅತ್ತಿತ್ತ ಅಡ್ಡಾಡುತ್ತಿದ್ದವು. ಹೊಳೆಗಳಿಗೆ ದಾರಿ ಸಿಕ್ಕಿರಲಿಲ್ಲ. ಕಲ್ಲಿಗೆ ಬಾಯಿತ್ತು, ಗಾಳಿಗೂ ಬಾಯಿತ್ತು. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು.

ಹೊಸ ಕಲ್ಲುಗಳು ಸಮುದ್ರದಿಂದ ಎದ್ದು ಬರುತ್ತಿದ್ದವು. ಯಾವ ಕಲ್ಲು ಯಾವ ಕೆಲಸಕ್ಕೆ ಅಂತ ಹೇಳುವವರು ಬೇಕಲ್ಲ. ಆ ಕೆಲಸ ಗದಿಗೆಪ್ಪನದು, ಕಾಶವ್ವನದು. ಬಂದ ಕಲ್ಲು ಅವರ ಅಂಗಳದಲ್ಲಿ ಸಾಲು ಹಿಡಿದು ಕೂಡುತ್ತಿತ್ತು.

ಗದಿಗೆಪ್ಪ ಸುತ್ತಿಗೆಯಿಂದ ಬಡಿದು ಕಿವಿ ಕೊಡುವನು. ಠಣ್ ಅಂದರೆ ಗಟ್ಟಿ, ಗುಡ್ಡದ ಎಲುಬಾಗಲಿ ಅನ್ನುವನು. ಕಾಶವ್ವ ಒಂದು ಚೂರು ಮುರಿದು ಹಲ್ಲಿನ ನಡುವೆ ಇಟ್ಟು ಕಡಿಯುವಳು. ಕರಕರ ಅಂದರೆ ಮರಳು, ನೀರು ಹಿಡಿಯಲಿ ಅನ್ನುವಳು. ಇಬ್ಬರೂ ಹೂಂ ಅಂದ ಮೇಲೆಯೇ ಕಲ್ಲು ಎದ್ದು ತನ್ನ ಜಾಗಕ್ಕೆ ಹೋಗಬೇಕು.

ಗದಿಗೆಪ್ಪ ಒಂದು ದಿನವೂ ಕಲ್ಲು ಕಡಿದವನಲ್ಲ. ಅವನ ಬಾಯಲ್ಲಿ ಉಳಿದದ್ದೇ ಐದು ಹಲ್ಲು. ಇವರ ಹಲ್ಲು ಬರೇ ನಗಾಕ ಅದಾವ ಅಂತ ಕಾಶವ್ವ ಕಲ್ಲುಗಳ ಮುಂದೆ ಆಡಿಕೊಳ್ಳುತ್ತಿದ್ದಳು. ಕಲ್ಲುಗಳು ನಗುತ್ತಿದ್ದವು. ಗದಿಗೆಪ್ಪನೂ ನಗುತ್ತಿದ್ದ, ಐದೂ ಹಲ್ಲು ತೋರಿಸಿ.

ಯಾವ ಕೆಲಸಕ್ಕೂ ಬಾರದ ಕಲ್ಲು ಗಾಳಿಯ ಪಾಲು. ಗಾಳಿ ಅದನ್ನು ತೇದು ತೇದು ಪುಡಿ ಮಾಡಿ ತೂರಿಬಿಡುವುದು. ಸತ್ತವರೂ ಗಾಳಿಯ ಪಾಲೇ. ಬಯಲಲ್ಲಿ ಮಲಗಿಸಿ ಬರುವರು. ಮರುದಿನ ಹೊತ್ತು ಮೂಡಿದಾಗ ಗಾಳಿ ಬಂದು ಒಯ್ಯುವುದು. ಒಯ್ದದ್ದು ಎಲ್ಲಿ ಹೋಯಿತು ಅಂತ ಯಾರಿಗೂ ತಿಳಿಯದು. ಪದ್ಧತಿ ಹಾಗಿತ್ತು.

ಕಾಶವ್ವ ಹೋದದ್ದು ಬೆಳಿಗ್ಗೆ. ಗದಿಗೆಪ್ಪ ಅವಳನ್ನು ಅಂಗಳದ ಮೂಲೆಯಲ್ಲಿ ನೆರಳಿಗೆ ಮಲಗಿಸಿದ. ಸೆರಗು ಸರಿ ಮಾಡಿದ. ಬಯಲಿಗೆ ಒಯ್ಯಲಿಲ್ಲ.

ಗಾಳಿ ಬಂತು. ಗಾಳಿ ಕೆಟ್ಟದ್ದಲ್ಲ. ತನ್ನ ಪಾಡಿಗೆ ತನ್ನ ಕೆಲಸ ಮಾಡುವಂಥದ್ದು. ನಾಳೆ ಹೊತ್ತು ಮೂಡಿದ ಮೇಲೆ ಬರುತ್ತೇನೆ ಅಂತ ಮೆಲ್ಲಗೆ ಹೇಳಿತು. ಕೊಡುವುದಿಲ್ಲ ಅಂದ ಗದಿಗೆಪ್ಪ. ಬಯಲಿಗೆ ಬಿದ್ದದ್ದೆಲ್ಲ ನನಗೆ ಅಂತ ಬರೆದಿದೆ, ನಾನೇನು ಮಾಡಲಿ ಅಂದಿತು ಗಾಳಿ.

ಗದಿಗೆಪ್ಪ ಹೆಂಡತಿಗೂ ಗಾಳಿಗೂ ನಡುವೆ ಹೋಗಿ ಕುಳಿತ.

“ಎಷ್ಟು ದಿನ ಹಿಂಗ ಅಡ್ಡ ಕೂಡ್ತಿ, ಗದಿಗೆಪ್ಪಣ್ಣ?”

ಗದಿಗೆಪ್ಪ ಇನ್ನಷ್ಟು ಹಿಂದೆ ಸರಿದು ಹೆಂಡತಿಗೆ ಒತ್ತಿ ಕುಳಿತ.

ಅಂಗಳದಲ್ಲಿ ಇನ್ನೂ ಒಂದು ಕಲ್ಲು ಉಳಿದಿತ್ತು. ಕಾಶವ್ವ ಕಡೆಗೆ ಕಡಿದ ಕಲ್ಲು. ಕರಿ ಜೇಡಿಗಲ್ಲು. ಅದರ ಗಡುವು ಅವತ್ತೇ. ಹೊತ್ತು ಮುಳುಗುವುದರೊಳಗೆ ಅದರ ಕೆಲಸ ಹೇಳಬೇಕು. ಹೇಳದಿದ್ದರೆ ಗಾಳಿ ತೇಯುವುದೇ.

ಗದಿಗೆಪ್ಪ ಕೂತಲ್ಲಿಂದಲೇ ಕೈಚಾಚಿ ಬಡಿದ. ದಪ್ ಅಂದಿತು. ಮತ್ತೆ ಬಡಿದ. ಮತ್ತೆ ದಪ್. ಠಣ್ ಅನ್ನದ ಕಲ್ಲಿನೊಳಗೆ ಏನೂ ಇಲ್ಲ ಅನ್ನುವುದು ಅವನ ಲೆಕ್ಕ. ಇಷ್ಟು ವರ್ಷ ಅವನ ಕಿವಿ ತಪ್ಪಿದಾಗ ಕಾಶವ್ವನ ಹಲ್ಲು ಸರಿ ಮಾಡುತ್ತಿತ್ತು. ಅದು ಅವನಿಗೆ ತಿಳಿದೇ ಇರಲಿಲ್ಲ.

ಬೇಲಿಯಾಚೆ ಕುಳಿತ ಬಿಳಿ ಬೆಣಚುಕಲ್ಲು ನಕ್ಕಿತು. ಬಣ್ಣ ನೋಡ್ರಿ, ರೊಟ್ಟಿ ಹಂಚಿನ ತಳ ಇದ್ದಂಗ ಐತಿ ಅಂತ.

ಗಾಳಿಗೆ ಹೋಗಲಿ ಅಂದ ಗದಿಗೆಪ್ಪ.

ಆಗ ಜೇಡಿಗಲ್ಲು ಬಾಯಿ ಬಿಟ್ಟಿತು. ಅಜ್ಜಿ ಹೇಳಿದ್ದು ನಿನಗೆ ಕೇಳಲಿಲ್ಲವೇ ಅಜ್ಜಾ ಅಂತ ಕೇಳಿತು. ಕೇಳಿತು ಅಂದ ಇವನು. ಮತ್ತೆ ಯಾಕೆ ಕಡಿಯಲಿಲ್ಲ ಅಂದಿತು.

ಗದಿಗೆಪ್ಪ ಅಂಗೈಯ ಚೂರನ್ನು ನೋಡಿದ.

“ಅದು ಅಕಿ ಕೆಲಸ,” ಅಂದ. “ನಾ ಕಡದ್ರ, ಅಕಿ ಇಲ್ಲ ಅಂತ ಆಕ್ಕೈತಿ.”

ಬೇಲಿಯಾಚೆಯ ಬೆಣಚುಕಲ್ಲು ನಗುವುದು ಬಿಟ್ಟಿತು.

ಆಮೇಲೆ ಜೇಡಿಗಲ್ಲು ಮೆಲ್ಲಗೆ ಹೇಳತೊಡಗಿತು. ನನ್ನನ್ನು ತೇದರೆ ತೇಯಲಿ. ಆದರೆ ಹೊಟ್ಟೆಯೊಳಗೆ ಇರುವವರು ನನ್ನವರಲ್ಲ, ನಾನು ಎತ್ತಿ ಇಟ್ಟುಕೊಂಡವರು. ಅವರನ್ನು ಏನು ಮಾಡಲಿ ಅಂತ.

ಯಾರು ಅವರು ಅಂದ ಗದಿಗೆಪ್ಪ.

ನಾನು ಆಗ ಸಮುದ್ರದ ತಳದ ಕೆಸರು ಅಂದಿತು ಕಲ್ಲು. ಮೇಲೆ ನೀರಿನಲ್ಲಿ ಸಣ್ಣ ಸಣ್ಣ ಹಸಿರು ಜೀವ ತೇಲುತ್ತಿದ್ದವು. ರಾಗಿ ಹಿಟ್ಟಿನ ಕಣಕ್ಕಿಂತ ಸಣ್ಣವು. ಹಗಲೆಲ್ಲ ಬಿಸಿಲು ಕುಡಿಯುವವು. ಸಂಜೆಗೆ ಸತ್ತು, ಮಳೆ ಬಿದ್ದ ಹಾಗೆ ಕೆಳಗೆ ಬೀಳುವವು. ಅಷ್ಟು ಸಣ್ಣವಕ್ಕೆ ಯಾರು ಅಳುತ್ತಾರೆ. ಮೀನು ತಿರುಗಿ ನೋಡಲಿಲ್ಲ. ನೀರು ಎತ್ತಿಕೊಳ್ಳಲಿಲ್ಲ. ನಾನೇ ಎತ್ತಿಕೊಂಡೆ. ಅವತ್ತು ಬಿದ್ದವರ ಮೇಲೆ ತೆಳ್ಳಗೆ ಒಂದು ಹೊದಿಕೆ ಕೆಸರು ಎಳೆದೆ. ಮರುದಿನ ಬಿದ್ದವರ ಮೇಲೆ ಇನ್ನೊಂದು. ಅದರ ಮರುದಿನ ಮತ್ತೊಂದು.

ಎಷ್ಟು ದಿನ ಅಂತ ಕೇಳಿದ ಗದಿಗೆಪ್ಪ.

ಎಣಿಸಲಿಲ್ಲ ಅಂದಿತು ಕಲ್ಲು. ಅವರನ್ನು ಇಟ್ಟುಕೊಂಡೇ ನಾನು ಕಪ್ಪಾದೆ.

ಗದಿಗೆಪ್ಪ ಮೂಲೆಯ ಕಡೆ ನೋಡಿದ. ಕಾಶವ್ವನ ಮುಂಗೂದಲು ಗಾಳಿಗೆ ಅಲ್ಲಾಡುತ್ತಿತ್ತು.

“ಮಣ್ಣು ಎಳೆದ್ರ ಹೋಗೂದಿಲ್ಲೇನು ಅವರು?”

“ಹೋಗಿಲ್ಲ ಅಜ್ಜಾ. ಗಾಳಿ ಕೈ ಅಲ್ಲಿಗೆ ಮುಟ್ಟೂದಿಲ್ಲ. ಎಲ್ಲಾರೂ ಅದಾರ.”

ಹೊತ್ತು ಒಂದಾಳು ಎತ್ತರಕ್ಕೆ ಇಳಿದಿತ್ತು. ಕಾಶವ್ವ ಕೊಟ್ಟ ಚೂರು ಇನ್ನೂ ಅವನ ಅಂಗೈಯಲ್ಲೇ ಇತ್ತು. ಬೆವರಿಗೆ ಅಂಟಿಕೊಂಡಿತ್ತು. ಅವನು ಅದನ್ನು ಬಾಯಿಗೆ ಹಾಕಿದ. ಒಂದಕ್ಕೊಂದು ಕೂಡುವ ಹಲ್ಲು ಎಲ್ಲಿದೆ ಅಂತ ನಾಲಿಗೆಯಲ್ಲಿ ಹುಡುಕಿದ. ಎಡಗಡೆ ಒಂದು ಜೋಡಿ ಸಿಕ್ಕಿತು. ಅಲ್ಲಿಟ್ಟು ಕಡಿದ.

ಕರಕರ ಅನ್ನಲಿಲ್ಲ. ಕೆನೆಯ ಹಾಗೆ ನುಣ್ಣಗೆ ಕರಗಿತು. ಆಮೇಲೆ ನಾಲಿಗೆಯ ಮೇಲೆ ಜಿಡ್ಡು. ಮೂಗಿನೊಳಗೆ ದೀಪ ಆರಿಸಿದ ವಾಸನೆ.

ಅವನ ಕಣ್ಣಲ್ಲಿ ನೀರು ಬಂತು. ಗಾಳಿ ಆ ಕಡೆ ಮುಖ ಮಾಡಿತು.

“ಇದು ತುಂಬೇತಿ,” ಅಂದ ಗದಿಗೆಪ್ಪ. “ತುಂಬಿದ್ದಕ್ಕ ದಪ್ ಅಂತು. ನನ್ನ ಕಿವಿ ತಪ್ಪು.”

ತುಂಬಿರಬಹುದು, ಕೆಲಸ ಏನು ಹೇಳು ಅಂದಿತು ಗಾಳಿ. ಕೆಲಸ ಇಲ್ಲದ್ದು ನನ್ನದೇ ಅಂತ ನೆನಪು ಮಾಡಿತು.

ಗದಿಗೆಪ್ಪ ಎದ್ದ. ಬೆಳಗಿನಿಂದ ಮೊದಲ ಸಲ ಎದ್ದದ್ದು. ಅಂಗಳದ ಒಲೆಯ ಹತ್ತಿರ ಹೋಗಿ ಬೂದಿಯಡಿಯ ಕೆಂಡ ಊದಿ ಎಬ್ಬಿಸಿದ. ಜೇಡಿಗಲ್ಲಿನ ಮೂರು ಚೂರು ಮುರಿದು ತಂದ. ಒಂದನ್ನು ಕೆಂಡದ ಮೇಲೆ ಇಟ್ಟ. ಒಂದನ್ನು ಗೆಣಸು ಸುಡುವ ಹಾಗೆ ಬಿಸಿ ಬೂದಿಯೊಳಗೆ ಹುಗಿದ. ಒಂದನ್ನು ಒಲೆಯ ದಂಡೆಯ ಮೇಲೆ ಇಟ್ಟ. ಕುಕ್ಕರಗಾಲಲ್ಲಿ ಕುಳಿತು ಕಾದ.

ಕೆಂಡದ ಮೇಲಿನದು ಬುಸ್ ಅಂತ ಉಸಿರು ಬಿಟ್ಟಿತು. ಉಸಿರಿಗೆ ನೀಲಿ ಉರಿ ಹತ್ತಿತು. ಆಮೇಲೆ ಬರೀ ಬೂದಿ. ದಂಡೆಯ ಮೇಲಿನದು ಇಟ್ಟದ್ದು ಇಟ್ಟ ಹಾಗೇ ಇತ್ತು, ಹಸಿ. ಬೂದಿಯೊಳಗಿನದನ್ನು ಕೆದಕಿ ತೆಗೆದ. ಅದರ ಬಿರುಕಿನಲ್ಲಿ ಒಂದು ಹನಿ ಎಣ್ಣೆ ಮೂಡಿತ್ತು. ಸಂಜೆ ಬಿಸಿಲು ಅದರ ಮೇಲೆ ಬಿದ್ದು ಹೊಳೆಯಿತು. ಆ ಸಣ್ಣ ಜೀವಗಳು ಕುಡಿದ ಬಿಸಿಲೇ ಅದು.

ಗದಿಗೆಪ್ಪ ಗಾಳಿಗೆ ತೋರಿಸಿದ. ಇದರ ಕೆಲಸ ಬೇಯುವುದು ಅಂದ. ಭೂಮಿಯ ತಳದಲ್ಲಿ ಒಲೆ ಉಂಟಲ್ಲ, ಅದರ ತೀರ ಹತ್ತಿರ ಬೇಡ, ತೀರ ದೂರವೂ ಬೇಡ. ಬೂದಿಯ ಬಿಸಿ ಇರುವಷ್ಟು ಆಳಕ್ಕೆ ಹೋಗಲಿ ಅಂದ.

ಎಷ್ಟು ದಿನ ಬೇಯಬೇಕು ಅಂತ ಗಾಳಿ ಕೇಳಿತು.

“ನಾ ಅಂತೂ ಇರೂದಿಲ್ಲ. ಇದ್ದವರು ನೋಡಿಕೋತಾರ.”

ಗಾಳಿ ಆ ಹನಿಯನ್ನು ಮೂಸಿ ನೋಡಿತು. ಆಯಿತು, ಇದು ನನ್ನ ಪಾಲಲ್ಲ ಅಂದಿತು.

ಜೇಡಿಗಲ್ಲು ಎದ್ದು ಬೇಲಿಯಾಚೆಯ ತಗ್ಗಿಗೆ ಹೋಗಿ ಮೈ ಚಾಚಿ ಮಲಗಿತು. ಗದಿಗೆಪ್ಪ ಹೊಳೆವ್ವನನ್ನು ಕರೆದ. ಪಾಪ, ಅವಳು ದಾರಿ ಸಿಗದೆ ಬೆಳಗಿನಿಂದ ಅಂಗಳದ ಸುತ್ತ ತಿರುಗುತ್ತಿದ್ದಳು. ಗುಡ್ಡದಿಂದ ಮರಳು ಹೊತ್ತು ತಂದು ಈ ಕಲ್ಲಿನ ಮೇಲೆ ಸುರಿ ತಂಗಿ, ಇದೇ ನಿನ್ನ ದಾರಿ ಅಂದ. ಹೊಳೆವ್ವ ಖುಷಿಯಿಂದ ಹೊರಟಳು. ಆದರೆ ಅವಳದು ಸಮ ಕೈ ಅಲ್ಲ. ಒಂದು ಕಡೆ ಬುಟ್ಟಿ ತುಂಬ ಸುರಿದಳು, ಒಂದು ಕಡೆ ಅರೆಬುಟ್ಟಿ, ಇನ್ನೊಂದು ಕಡೆ ಮರೆತೇ ಬಿಟ್ಟಳು. ಜೇಡಿಗಲ್ಲು ಮೆಲ್ಲಗೆ ಕೆಳಗೆ ಇಳಿಯಿತು, ಹೊಟ್ಟೆಯೊಳಗಿನವರನ್ನು ಬಿಗಿಯಾಗಿ ಹಿಡಿದುಕೊಂಡು.

ಅದಕ್ಕೇ ಆ ಕಲ್ಲು ಒಂದು ಕಡೆ ಬೆಂದು ಎಣ್ಣೆಯಾಗಿದೆ, ತೀರ ಆಳಕ್ಕೆ ಹೋದಲ್ಲಿ ಉರಿಯುವ ಅನಿಲವಾಗಿದೆ, ಮೇಲೆ ಉಳಿದಲ್ಲಿ ಇನ್ನೂ ಹಸಿ. ಈಗಿನವರು ನೆಲದೊಳಗೆ ಉದ್ದ ಕೊಳವೆ ಇಳಿಸುತ್ತಾರೆ. ಚೂರು ಮೇಲೆ ತರುತ್ತಾರೆ. ಕಾಯಿಸಿ, ಏನು ಹೊರಗೆ ಬರುತ್ತದೆ ಅಂತ ಕಾದು ನೋಡುತ್ತಾರೆ. ಬೆಂದಿದೆಯೋ ಇಲ್ಲವೋ ಅಂತ ಲೆಕ್ಕ ಹಾಕುತ್ತಾರೆ. ಕಲ್ಲು ಮಾತ್ರ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒಡೆದರೇ ಕೊಡುವುದು.

ಮರುದಿನ ಹೊತ್ತು ಮೂಡುವ ಮೊದಲೇ ಗದಿಗೆಪ್ಪ ಅಂಗಳದ ಮೂಲೆಯಲ್ಲಿ ನೆಲ ಅಗೆದ. ಮೊಣಕಾಲುದ್ದ ಆಯಿತು. ಸೊಂಟದುದ್ದ ಆಯಿತು. ಮೆತ್ತಗಿನ ಜೇಡಿಮಣ್ಣು ಬಂತು. ಕಾಶವ್ವನನ್ನು ಎತ್ತಿ ಅದರೊಳಗೆ ಮಲಗಿಸಿದ. ಒಂದು ಹಿಡಿ ಮಣ್ಣು ತೆಗೆದುಕೊಂಡ. ಕೈ ಬಿಚ್ಚಲು ಆಗಲಿಲ್ಲ. ನಿಂತ. ಆಮೇಲೆ ಬಿಚ್ಚಿದ. ಇನ್ನೊಂದು ಹಿಡಿ ಕೊಟ್ಟ. ಮತ್ತೊಂದು ಕೊಟ್ಟ.

ಗಾಳಿ ಹೇಳಿದ ಹೊತ್ತಿಗೆ ಬಂತು. ಮೂಲೆಯಲ್ಲಿ ಹುಡುಕಿತು. ನೆರಳಿನಲ್ಲಿ ಹುಡುಕಿತು. ಹಸಿ ಮಣ್ಣಿನ ದಿಬ್ಬದ ಪಕ್ಕ ಕುಳಿತ ಗದಿಗೆಪ್ಪನನ್ನು ನೋಡಿತು. ಅದಕ್ಕೆ ತಿಳಿಯಿತು. ದೂರದಿಂದ ಹೊತ್ತು ತಂದಿದ್ದ ಧೂಳನ್ನು ಅದೂ ಒಂದು ಹಿಡಿ ಆ ದಿಬ್ಬದ ಮೇಲೆ ಬಿಟ್ಟಿತು. ಸದ್ದು ಮಾಡದೆ ಹೋಯಿತು.

ಹೊಳೆದಂಡೆ ಕುಸಿದ ಕಡೆ ಕರಿ ಜೇಡಿಗಲ್ಲು ಕಂಡರೆ ಉಗುರಿನಿಂದ ಎಬ್ಬಿಸಿ ನೋಡು ಮಗಾ, ಹಾಳೆ ಹಾಳೆಯಾಗಿ ಏಳುತ್ತದೆ. ಒಂದೊಂದು ಹಾಳೆಯೂ ಒಂದೊಂದು ಸಂಜೆ ಯಾರ ಮೇಲೋ ಎಳೆದ ಹೊದಿಕೆ.